ತಪ್ಪು ಮಾಡಿದ್ಮೇಲೆ ಬೈಕೊಳ್ದೇ ಇದ್ರೆ ಬುದ್ಧಿ ಬರುತ್ತಾ?

ಪ್ರಶ್ನೆ: "ಸರ್, ತಪ್ಪಾದಾಗ ನಿಮ್ಮ ಮೇಲೆ ನೀವೇ ಸ್ವಲ್ಪ ಕರುಣೆ ಇಟ್ಕೊಳ್ಳಿ ಅಂತೀರಲ್ಲ, ಹಂಗೆ ಮಾಡ್ತಾ ಹೋದ್ರೆ ಮತ್ತೆ ಅದೇ ತಪ್ಪು ಮಾಡಲ್ವಾ? ಚೆನ್ನಾಗಿ ಬೈಕೊಂಡ್ರೆ ತಾನೇ ಬುದ್ಧಿ ಬರೋದು?"

ಬಂತು ನೋಡಿ ಮತ್ತೆ. ಕೇಳೋರ ಊರು, ವಯಸ್ಸು ಬದಲಾಗುತ್ತೆ, ಪ್ರಶ್ನೆ ಮಾತ್ರ ಅದೇ. ಬಿಡಿಬಿಡಿಯಾಗಿ ಉತ್ತರ ಕೊಟ್ಟು ಸಾಕಾಗಿದೆ, ಇದೊಂದ್ಸಲ ಪೂರ್ತಿ ಬರ್ದುಬಿಡ್ತೀನಿ, ಇನ್ಮೇಲೆ ಯಾರಾದ್ರೂ ಕೇಳಿದ್ರೆ ಇದನ್ನೇ ಕಳಿಸಿ.

ಒಂದೇ ಮಾತಲ್ಲಿ ಹೇಳೋದಾದ್ರೆ, ಇಲ್ಲ, ಕರುಣೆ ಇಟ್ಕೊಂಡ್ರೆ ಯಾರೂ ಕೆಡಲ್ಲ. ಬೈಕೊಳ್ಳೋರೇ ಜಾಸ್ತಿ ಅದೇ ತಪ್ಪಿನ ಸುತ್ತ ಗಿರಕಿ ಹೊಡೀತಿರ್ತಾರೆ.

ನಮ್ಮಲ್ಲಿ "ದಂಡಂ ದಶಗುಣಂ" ಅನ್ನೋದು ಎಷ್ಟು ಆಳಕ್ಕೆ ಇಳಿದಿದೆ ಅಂದ್ರೆ, ಮನೇಲಿ ಅಪ್ಪ, ಸ್ಕೂಲಲ್ಲಿ ಮೇಷ್ಟ್ರು, ಆಮೇಲೆ ಆಫೀಸಲ್ಲಿ ಮ್ಯಾನೇಜರ್ ಅಂತ ಬೈಯೋರು ಸಾಲಾಗಿ ಸಿಕ್ಕಿ, ಕೊನೆಗೆ ಯಾರೂ ಬೈಯೋರಿಲ್ದೆ ಇದ್ದಾಗ ಆ ಕೆಲಸಾನ ನಾವೇ ವಹಿಸ್ಕೊಂಡುಬಿಡ್ತೀವಿ. ರಾತ್ರಿ ಎರಡು ಗಂಟೆಗೆ ಎಚ್ಚರ ಆದ್ರೆ ಸಾಕು, ಶುರು. ಅಮ್ಮ ಫೋನಲ್ಲಿ ದುಡ್ಡು ಕಳ್ಸೋದು ಹೆಂಗೆ ಅಂತ ನಾಲ್ಕನೇ ಸಲ ಕೇಳಿದ್ರು ಅಂತ ರೇಗಾಡಿದ್ದು ನೆನಪಾಗುತ್ತೆ, "ಥೂ, ನಾನೆಂಥ ಮಗಳು" ಅಂತ ಹಿಡ್ಕೊಂಡ್ರೆ ಬೆಳಗಿನ ಜಾವದ ತನಕ ಅದೇ ಕ್ಯಾಸೆಟ್. ಈ ಅಮ್ಮನ ವಿಷಯಾನೇ ಉದಾಹರಣೆಗೆ ಇಟ್ಕೊಳ್ಳೋಣ, ಎಲ್ಲರ ಮನೇಲೂ ನಡೆಯೋದೇ.

"ಆದ್ರೆ ಸರ್, ಬೈಕೊಂಡಾಗೆಲ್ಲ ನಿಜವಾಗ್ಲೂ ಸುಧಾರಿಸಿದೀನಿ" ಅಂತೀರಿ. ಗೊತ್ತು. ಹಂಗೆ ಅನ್ಸುತ್ತೆ. ಯಾಕೆ ಅನ್ಸುತ್ತೆ ಅನ್ನೋದು ತುಂಬಾ ಮಜವಾದ ವಿಷಯ, ಇದನ್ನ ಹೇಳೋವಾಗ ನಂಗೆ ಪಾಠ ಮಾಡೋ ಹುಮ್ಮಸ್ಸು ಬಂದ್ಬಿಡುತ್ತೆ, ಸ್ವಲ್ಪ ತಡ್ಕೊಳ್ಳಿ.

ಡೇನಿಯಲ್ ಕಾಹ್ನಮನ್ ಅಂತ ಒಬ್ರು ಮನಶ್ಶಾಸ್ತ್ರಜ್ಞ, 2002ರಲ್ಲಿ ಅರ್ಥಶಾಸ್ತ್ರಕ್ಕೆ ನೊಬೆಲ್ ಬಂತಲ್ಲ, ಅವರೇ. ಅದಕ್ಕೂ ಎಷ್ಟೋ ವರ್ಷ ಮುಂಚೆ ಇಸ್ರೇಲಿನ ವಾಯುಪಡೆಯಲ್ಲಿ ವಿಮಾನ ಹಾರಿಸೋದು ಕಲಿಸೋ ಇನ್‌ಸ್ಟ್ರಕ್ಟರ್‌ಗಳಿಗೆ ಕ್ಲಾಸ್ ತಗೋತಿದ್ರು. ಶಿಕ್ಷೆಗಿಂತ ಹೊಗಳಿಕೆಯಿಂದ ಜಾಸ್ತಿ ಕಲೀತಾರೆ ಅಂತ ಇವರು ಹೇಳಿದ್ರೆ ಒಬ್ಬ ಅನುಭವಸ್ಥ ಎದ್ದು ನಿಂತು ತಕರಾರು ತೆಗೆದ. ಚೆನ್ನಾಗಿ ಹಾರಿಸಿದ ಹುಡುಗನ್ನ ಹೊಗಳಿದ್ರೆ ಮುಂದಿನ ಸಲ ಕೆಡಿಸ್ತಾನೆ, ಕೆಟ್ಟದಾಗಿ ಹಾರಿಸಿದವನಿಗೆ ಉಗಿದ್ರೆ ಮುಂದಿನ ಸಲ ಚೆನ್ನಾಗಿ ಮಾಡ್ತಾನೆ, ಅದಕ್ಕೇ ಉಗಿಯೋದೇ ವಾಸಿ ಅನ್ನೋದು ಅವನ ವಾದ. ಅವನು ನೋಡಿದ್ದು ಸುಳ್ಳಲ್ಲ. ತೀರ್ಮಾನ ಮಾತ್ರ ತಪ್ಪು. ಯಾರೇ ಆಗ್ಲಿ ಅತೀ ಕೆಟ್ಟದಾಗಿ ಮಾಡಿದ ಮೇಲೆ, ಬೈದ್ರೂ ಬೈದೇ ಇದ್ರೂ, ಮುಂದಿನ ಸಲ ಸ್ವಲ್ಪ ವಾಸಿ ಮಾಡೋ ಸಾಧ್ಯತೆನೇ ಜಾಸ್ತಿ, ಯಾಕಂದ್ರೆ ಆ ಕೆಟ್ಟ ಸಲದಲ್ಲಿ ದುರದೃಷ್ಟಾನೂ ಸೇರಿರುತ್ತೆ. ಅತೀ ಚೆನ್ನಾಗಿ ಮಾಡಿದ ಮೇಲೂ ಹಂಗೇ, ಮುಂದಿನದು ಸ್ವಲ್ಪ ಇಳಿಯುತ್ತೆ. ಇದನ್ನ ತೋರಿಸೋಕೆ ಕಾಹ್ನಮನ್ ಅಲ್ಲಿದ್ದ ಎಲ್ಲರ ಕೈಲೂ ಬೆನ್ನ ಹಿಂದಿನ ಗುರಿಗೆ ಎರಡೆರಡು ಸಲ ನಾಣ್ಯ ಎಸೆಸಿದ್ರು. ಮೊದಲ ಸಲ ದೂರ ಬಿದ್ದೋರದ್ದು ಎರಡನೇ ಸಲ ಬಹುಪಾಲು ಹತ್ರ ಬಂತು, ಹತ್ರ ಬಿದ್ದೋರದ್ದು ದೂರ ಹೋಯ್ತು. ಯಾರಿಗೂ ಯಾರೂ ಬೈದಿರಲಿಲ್ಲ.

ಈಗ ನಿಮ್ಮ ಕಡೆ ಬನ್ನಿ. ನಿಮ್ಮನ್ನ ನೀವು ಜೋರಾಗಿ ಬೈಕೊಳ್ಳೋದು ಯಾವಾಗ? ಅತೀ ಕೆಟ್ಟ ದಿನ. ನಿದ್ದೆ ಇಲ್ಲ, ಟ್ರಾಫಿಕ್ಕಲ್ಲಿ ಎರಡು ಗಂಟೆ, ಮನೆಗೆ ಬಂದ್ರೆ ಅಮ್ಮನ ಪ್ರಶ್ನೆ, ರೇಗಾಡಿದ್ರಿ. ಮಾರನೇ ದಿನ ಅಷ್ಟು ಕೆಟ್ಟದಾಗಿರಲಿಲ್ಲ, ಸಮಾಧಾನವಾಗಿ ಮಾತಾಡಿದ್ರಿ. ಕ್ರೆಡಿಟ್ ಮಾತ್ರ ರಾತ್ರಿಯ ಬೈಗುಳಕ್ಕೆ ಹೋಯ್ತು! ಮೂರು ವಾರ ಆದ್ಮೇಲೆ ಅಂಥದ್ದೇ ಇನ್ನೊಂದು ದಿನ ಬರುತ್ತೆ, ಮತ್ತೆ ರೇಗಾಟ. ಆಗ ಯಾರೂ "ಬೈಗುಳ ಕೆಲಸ ಮಾಡ್ಲಿಲ್ಲ" ಅನ್ನಲ್ಲ, "ಡೋಸ್ ಸಾಲ್ಲಿಲ್ಲ" ಅಂತಾರೆ.

ಇನ್ನೊಂದು ಕಿತಾಪತಿ ಇದೆ ಇದರಲ್ಲಿ. ಬೈಕೊಂಡ್ರೆ ಒಳಗೆ ಏನೋ ತೀರಿಸಿದ ಹಾಗಾಗುತ್ತೆ. ಸಿಗ್ನಲ್ ಜಂಪ್ ಮಾಡಿ ಫೈನ್ ಕಟ್ಟಿ ರಸೀದಿ ಜೇಬಿಗಿಟ್ಕೊಂಡು ನಾಳೆ ಅದೇ ಸಿಗ್ನಲ್ ಜಂಪ್ ಮಾಡೋರು ಇಲ್ವಾ, ಹಂಗೆ. ರಾತ್ರಿಯೆಲ್ಲ ಒದ್ದಾಡಿದೀನಿ, ಸಾಕಷ್ಟು ಅನುಭವಿಸಿದೀನಿ, ಇನ್ನೇನು ಮಾಡ್ಬೇಕು ಅನ್ನೋ ಲೆಕ್ಕ. ಅಮ್ಮನಿಗೆ ಮಾತ್ರ ಇನ್ನೂ ದುಡ್ಡು ಕಳ್ಸೋಕೆ ಬರಲ್ಲ.

ಸರಿ, ಪುರಾವೆ ಎಲ್ಲಿ ಅಂತೀರಾ? ಬರ್ಕ್ಲಿಯ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ಜೂಲಿಯಾನಾ ಬ್ರೈನ್ಸ್ ಮತ್ತು ಸೆರೀನಾ ಚೆನ್ 2012ರಲ್ಲಿ ಪ್ರಕಟಿಸಿದ ಪ್ರಯೋಗಗಳಿವೆ. ವಿದ್ಯಾರ್ಥಿಗಳಿಗೆ ಬೇಕಂತಲೇ ಕಷ್ಟದ ಪದಗಳ ಟೆಸ್ಟ್ ಕೊಟ್ರು, ಬಹಳ ಜನ ಎಡವಿದ್ರು. ಕೆಲವರಿಗೆ ಇದು ತುಂಬಾ ಜನಕ್ಕೆ ಕಷ್ಟ ಆಗುತ್ತೆ, ನಿಮ್ಮ ಮೇಲೆ ನೀವು ಹರಿಹಾಯಬೇಡಿ ಅಂದ್ರು, ಇನ್ನು ಕೆಲವರಿಗೆ ಇಲ್ಲಿ ಸೀಟ್ ಸಿಕ್ಕಿದೆ ಅಂದ್ಮೇಲೆ ನೀವು ಜಾಣರೇ ಅಂದ್ರು, ಉಳಿದವರಿಗೆ ಏನೂ ಹೇಳ್ಲಿಲ್ಲ. ಮುಂದಿನ ಟೆಸ್ಟಿಗೆ ಎಷ್ಟು ಹೊತ್ತು ಬೇಕಾದ್ರೂ ಓದ್ಕೊಳ್ಳಿ ಅಂತ ಬಿಟ್ರೆ ಹೆಚ್ಚು ಹೊತ್ತು ಓದಿದ್ದು ಮೊದಲನೇ ಗುಂಪು. ಕರುಣೆ ಇಟ್ಕೊಂಡ್ರೆ ಬುದ್ಧಿ ಬರಲ್ಲ ಅಂದ್ರಲ್ಲ? ತಾವು ಮಾಡಿದ ಯಾವುದೋ ತಪ್ಪಿನ ಬಗ್ಗೆ ಬರೆಸಿದಾಗಲೂ ಹಂಗೇ, ಕರುಣೆಯಿಂದ ನೋಡಿದೋರಿಗೇ ಸರಿಪಡಿಸ್ಬೇಕು, ಮತ್ತೆ ಮಾಡ್ಬಾರ್ದು ಅನ್ನೋದು ಜಾಸ್ತಿ ಇತ್ತು.

ಹಾಗಾದ್ರೆ ಮಾಡೋದು ಹೆಂಗೆ? ಟೆಕ್ಸಾಸ್ ವಿಶ್ವವಿದ್ಯಾಲಯದ ಕ್ರಿಸ್ಟಿನ್ ನೆಫ್ 2003ರಲ್ಲಿ ಸೆಲ್ಫ್ ಕಂಪ್ಯಾಶನ್, ಅಂದ್ರೆ ನಮ್ಮ ಮೇಲೆ ನಾವೇ ಇಟ್ಕೊಳ್ಳೋ ಈ ಕರುಣೆ ಅನ್ನೋದಕ್ಕೆ ಮೂರು ಭಾಗ ಮಾಡಿ ಇಟ್ಟಿದಾರೆ. ತನ್ನ ಜೊತೆ ಮೃದುವಾಗಿರೋದು, ಎಡವೋದು ನಾನೊಬ್ಬನೇ ಅಲ್ಲ ಅಂತ ತಿಳಿಯೋದು, ಆದದ್ದನ್ನ ಹಿಗ್ಗಿಸದೆ ಕುಗ್ಗಿಸದೆ ನೋಡೋದು. ನನ್ನ ಅನುಭವದಲ್ಲಿ ಜನ ಜಾರಿ ಬೀಳೋದು ಮೂರನೇದ್ರಲ್ಲಿ. "ನಿನ್ನೆ ಅಮ್ಮನ ಮೇಲೆ ರೇಗಿದೆ, ಅವರು ಸುಮ್ನೆ ಒಳಗೆ ಹೋದ್ರು" ಅನ್ನೋದು ನಡೆದ ವಿಷಯ. "ನಾನು ಕೆಟ್ಟ ಮಗಳು" ಅನ್ನೋದು ತೀರ್ಪು. ಒಂದು ಹಾಳೇಲಿ ಮೊದಲನೇದನ್ನ ಮಾತ್ರ ಬರೀರಿ, ಕೆಳಗೆ ಯಾವ ಹೊತ್ತಲ್ಲಿ, ಯಾಕೆ ಹಂಗಾಯ್ತು, ನಾಳೆ ಏನು ಬದಲಾಯಿಸ್ತೀನಿ ಅಂತ. ಕೆಲಸದಿಂದ ಬಂದ ತಕ್ಷಣ ಫೋನ್ ಪಾಠ ಬೇಡ, ಊಟ ಆದ್ಮೇಲೆ ಹೇಳ್ಕೊಡ್ತೀನಿ. ಅಷ್ಟೇ. ಕನ್ನಡಿ ಮುಂದೆ ನಿಂತು ಐ ಲವ್ ಯೂ ಹೇಳ್ಕೊಳ್ಳೋದೆಲ್ಲ ನಿಮಗಿಷ್ಟ ಇದ್ರೆ ಮಾಡಿ, ನಾನಂತೂ ಹೇಳಿಲ್ಲ. "ಬಿಡು, ಎಲ್ಲರೂ ರೇಗ್ತಾರೆ" ಅಂತ ಕೈ ತೊಳ್ಕೊಳ್ಳಿ ಅಂತಾನೂ ಹೇಳಿಲ್ಲ, ತಪ್ಪು ತಪ್ಪೇ. ವಾರಗಟ್ಟಲೆ ನಿದ್ದೆ ಇಲ್ಲ, ಬದುಕೋದೇ ಬೇಡ ಅನ್ನೋ ಮಟ್ಟಕ್ಕೆ ಹೋಗಿದ್ರೆ ಹಾಳೆ ಪೆನ್ನು ಬದಿಗಿಟ್ಟು 14416ಕ್ಕೆ ಫೋನ್ ಮಾಡಿ, ಟೆಲಿ ಮಾನಸ್ ಅಂತ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ, ದುಡ್ಡಿಲ್ಲ, ಹಗಲು ರಾತ್ರಿ ಇರುತ್ತೆ, ಕನ್ನಡದಲ್ಲೇ ಮಾತಾಡ್ಬಹುದು.

ಇನ್ನು ಯಾರೂ ಕೇಳದ ಪ್ರಶ್ನೆ ಒಂದಿದೆ, ನಾನೇ ಹೇಳ್ತೀನಿ. ಬೈಕೊಳ್ಳೋರು ಕ್ಷಮೆ ಹೆಂಗೆ ಕೇಳ್ತಾರೆ ಗಮನಿಸಿದೀರಾ? "ಸಾರಿ ಅಮ್ಮ, ನಾನು ಸರಿಯಿಲ್ಲ, ನಿನ್ನಂಥ ಅಮ್ಮನಿಗೆ ನಾನು ಲಾಯಕ್ಕೇ ಇಲ್ಲ" ಅಂತ ಅಳ್ತಾ ಕೂತ್ರೆ, ಬೈಸ್ಕೊಂಡ ಅಮ್ಮನೇ ತಲೆ ಸವರಿ "ಅಯ್ಯೋ ಇರ್ಲಿ ಬಿಡು ಕಂದ, ಊಟ ಮಾಡು ಬಾ" ಅಂತ ಸಮಾಧಾನ ಮಾಡ್ಬೇಕಾಗುತ್ತೆ. ನೋವು ತಿಂದೋರೂ ಅವರೇ, ಸಮಾಧಾನ ಮಾಡೋರೂ ಅವರೇ, ಇದ್ಯಾವ ನ್ಯಾಯ? ಇಷ್ಟುದ್ದ ಅತ್ರೂ ಅಲ್ಲಿ ಅಮ್ಮನ ಬಗ್ಗೆ ಒಂದು ಮಾತಿಲ್ಲ, ಎಲ್ಲಾ ನಾನು, ನಾನು, ನಾನು. ತನ್ನ ಹತ್ರ ಸ್ವಲ್ಪ ಸಮಾಧಾನ ಮಾಡ್ಕೊಂಡು ಹೋದೋರು ಮಾತ್ರ "ನಿನ್ನೆ ನಿನ್ನ ಮೇಲೆ ರೇಗಿದ್ದು ತಪ್ಪಾಯ್ತಮ್ಮ, ಇವತ್ತು ಊಟ ಆದ್ಮೇಲೆ ನಿಧಾನಕ್ಕೆ ತೋರಿಸ್ತೀನಿ" ಅಂತ ಎರಡು ಮಾತಲ್ಲಿ ಮುಗಿಸ್ತಾರೆ. ಅಷ್ಟು ಹೇಳಿದ್ಮೇಲೂ ಅಮ್ಮ ಎರಡು ದಿನ ಮುಖ ಊದಿಸ್ಕೊಂಡಿದ್ರೆ ಇರ್ಲಿ ಬಿಡಿ, ಅದು ಅವರ ಹಕ್ಕು, ಗಂಟೆಗೊಂದ್ಸಲ ಹೋಗಿ "ಇನ್ನೂ ಕೋಪಾನಾ?" ಅಂತ ಕೇಳ್ಬೇಡಿ.