ಬೈಕ್ ಹೆಸರು ನೋಡಿ ಮ್ಯಾನುಯಲ್ ಇಳಿಸಿಕೊಳ್ಳಬೇಡಿ

ಮೊನ್ನೆ ಒಬ್ಬ ಹುಡುಗ ಗ್ಯಾರೇಜಿಗೆ ಬಂದು, "ಅಣ್ಣಾ, ಬುಲೆಟ್ 350 ಸರ್ವಿಸ್ ಮ್ಯಾನುಯಲ್ ಸಿಕ್ತು" ಅಂತ ಮೊಬೈಲ್‌ನಲ್ಲಿ ಪಿಡಿಎಫ್ ತೋರಿಸಿದ. ಯಾವ 350 ಅಪ್ಪಾ ಅಂದೆ. ಸುಮ್ನೆ ನಿಂತ.

ಹೆಸರು ಒಂದೇ, ಇಂಜಿನ್ ಬೇರೆ ಬೇರೆ. ಹಳೇ ಕಾಸ್ಟ್ ಐರನ್ ಬುಲೆಟ್‌ನಲ್ಲಿ ಗೇರ್‌ಬಾಕ್ಸ್ ಪ್ರತ್ಯೇಕ. ವಾಲ್ವ್ ತೆರೆಸುವ ಟ್ಯಾಪೆಟ್ಟನ್ನು ಇಂಜಿನ್ ತಣ್ಣಗಿದ್ದಾಗ ನಾವೇ ಹೊಂದಿಸಬೇಕು: ಪುಶ್‌ರಾಡ್, ಅಂದರೆ ಕೆಳಗಿನಿಂದ ತಳ್ಳುವ ಕಡ್ಡಿ, ಬೆರಳಿನಲ್ಲಿ ಸಲೀಸಾಗಿ ತಿರುಗಬೇಕು, ಆದರೆ ಮೇಲೆ ಕೆಳಗೆ ಆಡಬಾರದು. ಆಮೇಲೆ ಬಂದ ಯುಸಿಇ (ಯೂನಿಟ್ ಕನ್‌ಸ್ಟ್ರಕ್ಷನ್ ಇಂಜಿನ್) ಬುಲೆಟ್‌ನಲ್ಲಿ ಗೇರ್‌ಬಾಕ್ಸ್ ಇಂಜಿನ್ ಜೊತೆಗೇ ಸೇರಿಕೊಂಡಿತು, ಟ್ಯಾಪೆಟ್ ಹೈಡ್ರಾಲಿಕ್ ಆಯಿತು, ಹೊಂದಿಸುವ ಕೆಲಸವೇ ಇಲ್ಲ. 2023ರಲ್ಲಿ ಬಂದ ಬುಲೆಟ್‌ಗಂತೂ ಪುಶ್‌ರಾಡೇ ಇಲ್ಲ, ವಾಲ್ವ್ ತೆರೆಸುವ ಕ್ಯಾಮ್ ಇಂಜಿನ್ ಹೆಡ್‌ನಲ್ಲೇ ಕೂತಿದೆ. ಹುಡುಗನ ಗಾಡಿ ಕಾಸ್ಟ್ ಐರನ್, ಅವನು ಇಳಿಸಿಕೊಂಡಿದ್ದು ಯುಸಿಇ ಪುಸ್ತಕ. ಸ್ಪ್ಲೆಂಡರ್‌ದೂ ಇದೇ ಕಥೆ. 2020ರ ಏಪ್ರಿಲ್‌ನಲ್ಲಿ ಹೊಗೆ ಕಡಿಮೆ ಮಾಡೋ ಬಿಎಸ್6 ನಿಯಮ ಬಂದಾಗ ಕಾರ್ಬುರೇಟರ್ ಹೋಗಿ ಫ್ಯೂಯಲ್ ಇಂಜೆಕ್ಷನ್ ಬಂತು. ಹಾಗಾಗಿ ಮೊದಲು ಆರ್‌ಸಿ ತೆಗೆದು ಇಂಜಿನ್ ನಂಬರ್, ಚಾಸಿ ನಂಬರ್, ತಯಾರಾದ ವರ್ಷ ಬರೆದುಕೊಳ್ಳಿ. ಆಮೇಲೆ ಹುಡುಕಿ.

ಗಾಡಿ ಜೊತೆ ಶೋರೂಮ್‌ನಲ್ಲಿ ಕೊಡುವ ಪುಸ್ತಕ ಸರ್ವಿಸ್ ಮ್ಯಾನುಯಲ್ ಅಲ್ಲ. ಅದರಲ್ಲಿ ಆಯಿಲ್ ಎಷ್ಟು, ಗಾಳಿ ಎಷ್ಟು ಅಂತ ಇರುತ್ತದೆ, ಅಷ್ಟೇ. ಇಂಜಿನ್ ಬಿಚ್ಚೋದಾದರೆ ಸರ್ವಿಸ್ ಮ್ಯಾನುಯಲ್, ಅಂದರೆ ವರ್ಕ್‌ಶಾಪ್ ಮ್ಯಾನುಯಲ್ ಬೇಕು. ಜೊತೆಗೆ ಪಾರ್ಟ್ಸ್ ಕ್ಯಾಟಲಾಗ್ ಸಿಕ್ಕರೆ ಬಿಡಬೇಡಿ. ಯಾವ ವಾಷರ್ ಯಾವುದರ ಹಿಂದೆ ಕೂರುತ್ತದೆ ಅನ್ನೋದನ್ನು ಅದರ ಚಿತ್ರಗಳಷ್ಟು ಚೆನ್ನಾಗಿ ಯಾರೂ ಹೇಳಿಕೊಡಲ್ಲ. ನಾನಂತೂ ಎಷ್ಟೋ ಸಲ ಮ್ಯಾನುಯಲ್‌ಗಿಂತ ಕ್ಯಾಟಲಾಗನ್ನೇ ಜಾಸ್ತಿ ನೋಡುತ್ತೇನೆ.

ಪಿಡಿಎಫ್ ಸಿಕ್ಕಿದ ತಕ್ಷಣ ಮೂರು ಕಡೆ ಕಣ್ಣು ಹಾಯಿಸಿ. ಟಾರ್ಕ್ ಪಟ್ಟಿ, ಅಂದರೆ ಯಾವ ಬೋಲ್ಟ್ ಎಷ್ಟು ಬಿಗಿ ಮಾಡಬೇಕು ಅನ್ನೋ ಪಟ್ಟಿ ಇದೆಯಾ, ಪಿಸ್ಟನ್ ಸಿಲಿಂಡರ್ ಎಷ್ಟು ಸವೆದರೆ ಬದಲಿಸಬೇಕು ಅನ್ನೋ ಅಳತೆ ಇದೆಯಾ, ವೈರಿಂಗ್ ಚಿತ್ರದಲ್ಲಿ ವೈರ್ ಬಣ್ಣ ಓದೋಕೆ ಬರುತ್ತಾ? ಇವು ಇಲ್ಲದ ಪುಸ್ತಕಕ್ಕೆ ದುಡ್ಡು ಕೊಡಬೇಡಿ.

ಟಾರ್ಕ್‌ನಲ್ಲಿ ಒಂದು ಗುಂಡಿ ಇದೆ, ನಾನೇ ಬಿದ್ದಿದ್ದೇನೆ. ಹೊರದೇಶದ ಪುಸ್ತಕವೊಂದರಲ್ಲಿ 90 ಅಂತಿತ್ತು, ಇಂಚ್-ಪೌಂಡ್. ನಾನು ಫುಟ್-ಪೌಂಡ್ ಅಂದುಕೊಂಡೆ. ಹನ್ನೆರಡು ಪಟ್ಟು ವ್ಯತ್ಯಾಸ! 10 ನ್ಯೂಟನ್ ಮೀಟರ್ ಸಾಕಾಗಿದ್ದ ಎಂ6 (6 ಮಿಮೀ ದಪ್ಪದ) ಬೋಲ್ಟ್ ಕೈಯಲ್ಲೇ ತುಂಡಾಯಿತು, ಅರ್ಧ ಒಳಗೇ ಉಳಿಯಿತು. ಅದನ್ನು ಡ್ರಿಲ್ ಮಾಡಿ ತೆಗೆಯೋಕೆ ಇಡೀ ಮಧ್ಯಾಹ್ನ ಹೋಯಿತು. ಹಳೇ ಪುಸ್ತಕಗಳಲ್ಲಿ ಕೆಜಿ-ಮೀಟರ್ ಲೆಕ್ಕವೂ ಇರುತ್ತದೆ, ಅದನ್ನು 9.8ರಿಂದ ಗುಣಿಸಿದರೆ ನ್ಯೂಟನ್ ಮೀಟರ್ ಬರುತ್ತದೆ. ಈಗ ನಾನು ಬೇಕಾದ ಅಳತೆಗಳನ್ನು ಮೊದಲೇ ನ್ಯೂಟನ್ ಮೀಟರ್‌ಗೆ ತಿರುಗಿಸಿ, ಮಾರ್ಕರ್‌ನಲ್ಲಿ ಗೋಡೆ ಮೇಲೆ ಬರೆದು, ಆಮೇಲೇ ಸ್ಪ್ಯಾನರ್ ಮುಟ್ಟೋದು.