ಕೈ ಚಾಚಿ ನಿಂತು ಹೊಡೆದ ಆರು ವಾರ

"ಶನಿವಾರ 86, ಭಾನುವಾರ 103. ಅದೇ ಕೋರ್ಸು, ಅದೇ ಕ್ಲಬ್ಬು, ಅದೇ ಮನುಷ್ಯ. ಏನ್ ಸರ್ ಇದು?"

ನನ್ನ ಹತ್ತಿರ ಗಾಲ್ಫ್ ಕಲಿಯಲು ಬರುವವರಲ್ಲಿ ಹೀಗೆ ಕೇಳುವವರೇ ಜಾಸ್ತಿ. ಒಂದು ರೌಂಡು ಮುಗಿಸಲು ಎಷ್ಟು ಹೊಡೆತ ಬೇಕಾಯಿತು ಅನ್ನುವ ಲೆಕ್ಕ ಅದು, ಕಮ್ಮಿಯಾದಷ್ಟೂ ಒಳ್ಳೆಯದು. ಕ್ಲಬ್ಬು ಅಂದರೆ ಚೆಂಡು ಹೊಡೆಯುವ ಕೋಲು. ದೂರ ಹೊಡೆಯುವುದು ಹುಡುಗರ ಚಿಂತೆ. ನಲವತ್ತೈದು ದಾಟಿದವರಿಗೆ ಚೆಂಡು ದಿನಾ ಒಂದೇ ಥರ ಹೋದರೆ ಸಾಕು.

ಹೋದ ವರ್ಷ ಅಂಥವರೊಬ್ಬರು ನಾವು ಚೆಂಡು ಹೊಡೆದು ಅಭ್ಯಾಸ ಮಾಡುವ ಡ್ರೈವಿಂಗ್ ರೇಂಜಿಗೆ ಬಂದು ಮೊಬೈಲ್ ತೋರಿಸಿದರು. ಹಳೇ ವಿಡಿಯೋ. ಒಬ್ಬ ಕಾಲು ಅಗಲಿಸಿ, ಎರಡೂ ಕೈ ಮುಂದೆ ಚಾಚಿ, ಕ್ಲಬ್ಬಿನ ತಲೆಯನ್ನು ಚೆಂಡಿನಿಂದ ಸುಮಾರು ಒಂದಡಿ ಹಿಂದೆ ಇಟ್ಟು ನಿಂತಿದ್ದಾನೆ. ದೋಟಿ ಹಿಡಿದು ಏನನ್ನೋ ಎಳೆದುಕೊಳ್ಳುವವರ ಹಾಗೆ. ಆಮೇಲೆ ಹೊಡೆಯುತ್ತಾನೆ, ಚೆಂಡು ದಾರ ಎಳೆದಂತೆ ನೆಟ್ಟಗೆ ಹೋಗುತ್ತದೆ. ಮತ್ತೊಂದು, ಮಗದೊಂದು, ಎಲ್ಲವೂ ಅಷ್ಟೇ.

"ನನಗೆ ಇದನ್ನೇ ಕಲಿಸಿ ಸರ್."

ವಿಡಿಯೋದಲ್ಲಿದ್ದವರು ಕೆನಡಾದ ಮೋ ನಾರ್ಮನ್. ಒಂಟಾರಿಯೋದ ಕಿಚನರ್ ಊರಿನವರು. ಹುಡುಗನಾಗಿದ್ದಾಗ ಕ್ಯಾಡಿ, ಅಂದರೆ ಆಟಗಾರರ ಬ್ಯಾಗ್ ಹೊರುವ ಕೆಲಸ. ಯಾರೂ ಕೂರಿಸಿಕೊಂಡು ಕಲಿಸಲಿಲ್ಲ, ದಿನಕ್ಕೆ ನೂರಾರು ಚೆಂಡು ಹೊಡೆದು ತಾವೇ ಕಂಡುಕೊಂಡರು. 1955 ಮತ್ತು 1956ರಲ್ಲಿ ಕೆನಡಾದ ಅಮೆಚೂರ್ ಚಾಂಪಿಯನ್. 2004ರಲ್ಲಿ ತೀರಿಕೊಂಡರು. ಮರುವರ್ಷ ಟೈಗರ್ ವುಡ್ಸ್ ಒಂದು ಮಾತು ಹೇಳಿದರು: ಸ್ವಿಂಗ್, ಅಂದರೆ ಕ್ಲಬ್ ಬೀಸುವ ರೀತಿ, ಪೂರ್ತಿ ಸ್ವಂತದ್ದು ಅನ್ನುವಂಥವರು ಇಬ್ಬರೇ, ಅಮೆರಿಕದ ಹಳೇ ಆಟಗಾರ ಬೆನ್ ಹೋಗನ್ ಮತ್ತು ಮೋ ನಾರ್ಮನ್. ಕ್ಯಾಡಿಯಾಗಿದ್ದವರು ಮೇಲೆ ಬರುವುದು ಬೆಂಗಳೂರಿನ ಕ್ಯಾಡಿಗಳನ್ನು ಕಂಡವರಿಗೆ ಹೊಸ ಕಥೆಯೇನಲ್ಲ. ಇಲ್ಲಿಯ ಸಿ. ಮುನಿಯಪ್ಪ ಕ್ಯಾಡಿಯಾಗಿ ಶುರುಮಾಡಿ 2009ರಲ್ಲಿ ಇಂಡಿಯನ್ ಓಪನ್ ಗೆದ್ದರು.

ನಾನು ಅದುವರೆಗೆ ಆ ಸ್ವಿಂಗನ್ನು ಯಾರಿಗೂ ಹೇಳಿಕೊಟ್ಟಿರಲಿಲ್ಲ. ಸುಮ್ನೆ 'ಬೇಡ' ಅಂದುಬಿಡಬಹುದಿತ್ತು. ಆದರೆ ನಾನೇ ಮಾಡಿ ನೋಡದೆ ಬೇಡ ಅನ್ನುವುದು ಸರಿ ಕಾಣಲಿಲ್ಲ. ಆರು ವಾರ ಹಿಡಿದು ಹೊಡೆದೆ.

ಮೊದಲು ಅದರ ಲೆಕ್ಕ ಹೇಳುತ್ತೇನೆ. ನಾವೆಲ್ಲ ಕಲಿತ ಮಾಮೂಲಿ ಸ್ವಿಂಗಿನಲ್ಲಿ, ಚೆಂಡಿನ ಮುಂದೆ ನಿಂತಾಗ ಕೈಗಳು ಭುಜದಿಂದ ಕೆಳಗೆ ಜೋತುಬಿದ್ದಿರುತ್ತವೆ. ಕೈಗೂ ಕ್ಲಬ್ಬಿನ ಶಾಫ್ಟಿಗೂ, ಅಂದರೆ ಅದರ ಉದ್ದನೆಯ ದಂಡಿಗೂ, ನಡುವೆ ಒಂದು ಮಡಿಕೆ ಇರುತ್ತದೆ. ಬೀಸಿ ಕೆಳಗೆ ತರುವಾಗ ಕ್ಲಬ್ಬಿನ ತಲೆ ಹೊರಕ್ಕೆ ಜಗ್ಗುತ್ತದೆ. ಹೊಲದಲ್ಲಿ ಕವಣೆ ಬೀಸಿದವರಿಗೆ ಈ ಜಗ್ಗು ಗೊತ್ತು, ಹಗ್ಗ ತಾನಾಗಿ ಬಿಗಿಯಾಗುತ್ತದೆ. ಹಾಗೇ ಇಲ್ಲಿ ಆ ಮಡಿಕೆ ಬಿಚ್ಚಿಕೊಳ್ಳುತ್ತದೆ. ಅಂದರೆ ಚೆಂಡಿಗೆ ತಗಲುವ ಹೊತ್ತಿಗೆ ಕೈಗಳು ನಿಂತಾಗ ಇದ್ದಲ್ಲಿ ಇರುವುದಿಲ್ಲ, ಮೇಲೆದ್ದಿರುತ್ತವೆ. ಅದಕ್ಕೆ ಜಾಗ ಕೊಡಲು ಮೈಯೂ ಸ್ವಲ್ಪ ಏಳುತ್ತದೆ. ಇಷ್ಟೆಲ್ಲ ಸುಮಾರು ಕಾಲು ಸೆಕೆಂಡಿನಲ್ಲಿ. ಒಂದು ದಿನ ಎದ್ದದ್ದು ಹೆಚ್ಚಾದರೆ ಚೆಂಡಿನ ತಲೆ ಸವರಿ ಟಾಪ್. ಕಮ್ಮಿಯಾದರೆ ನೆಲ ಮೊದಲು ಸಿಕ್ಕಿ ಫ್ಯಾಟ್. 86 ಮತ್ತು 103ರ ನಡುವಿನ ಅರ್ಧ ಜಗಳ ಇಷ್ಟೇ.

ನಾರ್ಮನ್ ಮಾಡಿದ್ದೇನು? ಕೈಗಳು ಹೊಡೆಯುವಾಗ ಎಲ್ಲಿರುತ್ತವೋ ಅಲ್ಲೇ ಮೊದಲೇ ಇಟ್ಟುಕೊಂಡರು. ಕೈ, ಶಾಫ್ಟು ಎರಡೂ ಒಂದೇ ಗೆರೆ. ಹೋದ ದಾರಿಯಲ್ಲೇ ವಾಪಸ್. ಬೆರಳಿನ ಬದಲು ಅಂಗೈಯಲ್ಲಿ ಕ್ಲಬ್ ಹಿಡಿದರು, ಮಣಿಕಟ್ಟಿನ ಆಟ ಕಮ್ಮಿಯಾಯಿತು.

ಕೇಳಲು ಎಷ್ಟು ಚೆಂದ ಅಲ್ವಾ? ಮೊದಲ ವಾರ ನಾನು ಹೊಡೆದದ್ದನ್ನು ನನ್ನ ಶಿಷ್ಯರು ನೋಡದಿರಲಿ ಅಂತ ಬೆಳಿಗ್ಗೆ ಆರಕ್ಕೇ ಹೋಗುತ್ತಿದ್ದೆ. ಚೆಂಡಿನ ಹಿಂಬದಿಗೆ ವೈಟ್‌ಬೋರ್ಡ್ ಮಾರ್ಕರಿನಿಂದ ಒಂದು ಚುಕ್ಕೆ ಇಟ್ಟು ಹೊಡೆದರೆ ಅದರ ಗುರುತು ಕ್ಲಬ್ಬಿನ ಮುಖದ ಮೇಲೆ ಬೀಳುತ್ತದೆ. ನನ್ನ ಗುರುತುಗಳೆಲ್ಲ ತುದಿಯಲ್ಲಿ, ಟೋ ಕಡೆ. ಜೊತೆಗೆ ಚೆಂಡು ಬಲಕ್ಕೆ ಬಲಕ್ಕೆ ಹೊರಡುತ್ತಿತ್ತು. ಕಾರಣ ಎರಡು ದಿನ ಬಿಟ್ಟು ಹೊಳೆಯಿತು. ಕೈ ಮೇಲೆತ್ತಿದರೆ ಶಾಫ್ಟ್ ನೆಟ್ಟಗಾಗುತ್ತದೆ, ಐರನ್ನಿನ, ಅಂದರೆ ಲೋಹದ ಚಪ್ಪಟೆ ತಲೆಯ ಕ್ಲಬ್ಬಿನ, ಹಿಮ್ಮಡಿ (ದಂಡಿನ ಕಡೆಯ ತುದಿ) ನೆಲ ಬಿಡುತ್ತದೆ, ಟೋ ನೆಲಕ್ಕೆ ಕಚ್ಚುತ್ತದೆ. ಆಗ ಬಲಗೈಯವರ ಚೆಂಡು ಬಲಕ್ಕೇ ಹೋಗುವುದು. ಸ್ವಿಂಗ್ ಬದಲಿಸಿದರೆ ಕ್ಲಬ್ಬಿನ ಲೈ ಕೋನವೂ, ಅಂದರೆ ಶಾಫ್ಟ್ ನೆಲಕ್ಕೆ ಎಷ್ಟು ವಾಲಿರುತ್ತದೆ ಅನ್ನುವುದೂ, ಬದಲಾಗಬೇಕು ಅನ್ನುವುದನ್ನು ವಿಡಿಯೋ ಮಾಡುವವರು ಹೇಳುವುದು ಕಮ್ಮಿ. ನನ್ನದು ಫೋರ್ಜ್ ಮಾಡಿದ (ಬಡಿದು ರೂಪಿಸಿದ) ಐರನ್, ಬಗ್ಗಿಸಿಕೊಂಡೆ. ಎರಕದ ಐರನ್ ಆದರೆ ಹುಷಾರು, ಕುತ್ತಿಗೆಯಲ್ಲಿ ಬಿರುಕು ಬಿಡಬಹುದು.

ನಾಲ್ಕನೇ ವಾರದಿಂದ ದಾರಿಗೆ ಬಂತು. ಏಳನೇ ಐರನ್ನಿನಲ್ಲಿ 20 ಚೆಂಡು ಹೊಡೆದು, ತೀರಾ ಎಡಕ್ಕೆ ಹೋದದ್ದಕ್ಕೂ ತೀರಾ ಬಲಕ್ಕೆ ಹೋದದ್ದಕ್ಕೂ ನಡುವಿನ ಅಗಲ ಬರೆದಿಡುವುದು ನನ್ನ ಹಳೇ ಅಭ್ಯಾಸ. ಮೊದಲು 34 ಗಜ ಇದ್ದದ್ದು ಆರನೇ ವಾರ 22ಕ್ಕೆ ಇಳಿಯಿತು. ಆದರೆ ದೂರವೂ 148 ಗಜದಿಂದ 139ಕ್ಕೆ ಇಳಿಯಿತು. ಮಣಿಕಟ್ಟು ಮಡಿಸದಿದ್ದರೆ ವೇಗ ಎಲ್ಲಿಂದ ಬರಬೇಕು? ನನಗೆ ಒಂಬತ್ತು ಗಜ ಹೋದರೆ ಇನ್ನೂ ದೂರ ಹೋಗುವ ಆರನೇ ಐರನ್ ತೆಗೆದುಕೊಳ್ಳುತ್ತೇನೆ. ಏಳರಲ್ಲಿ 110 ಗಜ ಹೊಡೆಯುವವರಿಗೆ ಅದು ದೊಡ್ಡ ನಷ್ಟ. ಎಲ್ಲಕ್ಕಿಂತ ದೂರ ಹೊಡೆಯುವ ಕ್ಲಬ್ಬಾದ ಡ್ರೈವರ್ ಮಾತ್ರ ನನಗೆ ಈ ರೀತಿಯಲ್ಲಿ ಒಗ್ಗಲೇ ಇಲ್ಲ, ಮೂರನೇ ವಾರಕ್ಕೇ ಬಿಟ್ಟೆ.

ಇನ್ನೊಂದು ಉದಾಹರಣೆ ಹೇಳದಿದ್ದರೆ ಕಥೆ ಅರ್ಧ. ಅಮೆರಿಕದ ಆಟಗಾರ ಬ್ರೈಸನ್ ಡಿಶ್ಯಾಂಬೊ ಕೂಡ ಒಂದೇ ಗೆರೆಯ ಸ್ವಿಂಗಿನವರು, ಐರನ್‌ಗಳೆಲ್ಲ ಒಂದೇ ಉದ್ದ. 2020 ಮತ್ತು 2024ರಲ್ಲಿ ಯುಎಸ್ ಓಪನ್ ಗೆದ್ದರು. ಸರಿ. ಹಾಗಾದರೆ ಅಮೆರಿಕದವರೇ ಆದ ಜಿಮ್ ಫ್ಯೂರಿಕ್? ಅವರ ಕ್ಲಬ್ ನೆಟ್ಟಗೆ ಮೇಲೇರಿ, ಮೇಲೆ ಒಂದು ಸುತ್ತು ಹಾಕಿ, ಬೇರೆಯೇ ದಾರಿಯಲ್ಲಿ ಇಳಿಯುತ್ತದೆ. ನಾರ್ಮನ್‌ಗೆ ಪೂರ್ತಿ ಉಲ್ಟಾ. ಅವರು 2003ರ ಯುಎಸ್ ಓಪನ್ ಗೆದ್ದರು, 2016ರಲ್ಲಿ ಅಮೆರಿಕದ ವೃತ್ತಿಪರರು ಆಡುವ ಪಿಜಿಎ ಟೂರಿನಲ್ಲಿ ಒಂದು ರೌಂಡನ್ನು 58 ಹೊಡೆತದಲ್ಲಿ ಮುಗಿಸಿದರು. ಚೆಂಡಿಗೆ ಸುತ್ತು ಕಾಣುವುದಿಲ್ಲ, ಗೆರೆಯೂ ಕಾಣುವುದಿಲ್ಲ. ಮುಖ್ಯವಾಗಿ ಅದು ಹೊರಡುವುದು ಕ್ಲಬ್ಬಿನ ಮುಖ ನೋಡಿದ ಕಡೆಗೆ. ಆ ದಿಕ್ಕಿನಲ್ಲಿ ಒಂದು ಡಿಗ್ರಿ ತಪ್ಪಿದರೆ 150 ಗಜದಲ್ಲಿ ಎರಡೂವರೆ ಗಜಕ್ಕಿಂತ ಜಾಸ್ತಿ ಸರಿಯುತ್ತದೆ, ಗಾಳಿಯಲ್ಲಿ ಚೆಂಡು ತಿರುಗುವುದು ಅದರ ಮೇಲೆ ಬೇರೆ.

ಹಾಗಾಗಿ ಆ ಸರ್‌ಗೆ ನಾನು ನಾರ್ಮನ್ ಸ್ವಿಂಗ್ ಇಡಿಯಾಗಿ ಕೊಡಲಿಲ್ಲ. ಅವರ ತಪ್ಪು ಮೈ ಏಳುವುದು, ಅದನ್ನು ಮೊದಲೇ ನೋಡಿದ್ದೆ. ಕೈ ಎರಡು ಇಂಚು ಮೇಲೆ ಇಡಿಸಿದೆ, ಚೆಂಡಿನಿಂದ ಅರ್ಧ ಹೆಜ್ಜೆ ಹಿಂದೆ ನಿಲ್ಲಿಸಿದೆ. ಹಿಡಿತ ಬೆರಳಿನಲ್ಲೇ. ಕಾಲು ಅಷ್ಟು ಅಗಲಿಸುವುದೂ ಬೇಡ ಅಂದೆ, ಅವರ ಸೊಂಟ ಮೊದಲೇ ಬಿಗಿ, ತಿರುಗುವುದೇ ನಿಂತುಬಿಡುತ್ತದೆ. ನಿಮ್ಮ ತಪ್ಪು ಸ್ಲೈಸ್ (ಬಲಗೈಯವರ ಚೆಂಡು ಗಾಳಿಯಲ್ಲಿ ಬಲಕ್ಕೆ ತಿರುಗುವುದು) ಆಗಿದ್ದರೆ ಈ ಮದ್ದು ಹಿಡಿಯದೇ ಇರಬಹುದು. ಮೊದಲು ಗ್ರಿಪ್ ನೋಡಿಸಿಕೊಳ್ಳಿ. ರೌಂಡ್ ಆಡುವ ಹಿಂದಿನ ದಿನ ಮಾತ್ರ ಶುರುಮಾಡಬೇಡಿ. ಮೊದಲ ಮೂರು ವಾರ ಸ್ಕೋರ್ ಕಾರ್ಡ್ ಬ್ಯಾಗಿನಲ್ಲೇ ಇರಲಿ.

ಅವರ ಈಚಿನ ಹತ್ತು ರೌಂಡು 87ರಿಂದ 94ರ ಒಳಗಿವೆ. 86 ಮತ್ತೆ ಬಂದಿಲ್ಲ ಅಂತ ಅವರಿಗೆ ಈಗ ಹೊಸ ಬೇಜಾರು. ಹೋದ ವಾರ ಫೋನ್ ಮಾಡಿ, "ಸರ್, ಆ ಫ್ಯೂರಿಕ್ ಸುತ್ತು ಹಾಕ್ತಾರಲ್ಲ..." ಅಂತ ಶುರುಮಾಡಿದರು.