ಠಾಣೆಯಿಂದ ನೋಟಿಸ್ ಬಂದಿದೆ, ತಮ್ಮನಿಗೆ ಎಡಿಎಚ್‌ಡಿ ಇದೆ. ಏನು ಮಾಡಲಿ?

ಪ್ರಶ್ನೆ: ನನ್ನ ತಮ್ಮ ಅಂಧೇರಿಯ ಹೋಟೆಲೊಂದರ ಗಲ್ಲಾದಲ್ಲಿ ಕೂರುತ್ತಾನೆ. ಅಲ್ಲಿ ಹಣ ಕಳವಾಗಿದೆ, ಸಾಕ್ಷಿಯಾಗಿ ಬರಬೇಕೆಂದು ಪೊಲೀಸ್ ನೋಟಿಸ್ ಬಂದಿದೆ. ಇವನಿಗೋ ಎಡಿಎಚ್‌ಡಿ, ಅಂದರೆ ಗಮನ ಒಂದೆಡೆ ನಿಲ್ಲದ, ಆತುರ ಹೆಚ್ಚಿರುವ ತೊಂದರೆ. ಪ್ರಶ್ನೆ ಮುಗಿಯುವ ಮೊದಲೇ ಉತ್ತರ ಕೊಡುವವನು, ಹೊತ್ತುಗೊತ್ತು ಅದಲುಬದಲು ಮಾಡುವವನು. ಸುಳ್ಳು ಹೇಳುತ್ತಿದ್ದಾನೆ ಅಂದುಕೊಂಡರೆ? (ಡೊಂಬಿವಲಿಯ ಓದುಗರು)

ಉತ್ತರ: ಅಕ್ಕಾ, ನಿಮ್ಮ ಭಯಕ್ಕೆ ಕಾರಣವಿದೆ. ಪೆನ್ನು ತಿರುಗಿಸುವುದು, ಕಣ್ಣು ಕಿಟಕಿಯತ್ತ ಹೋಗುವುದು, ಕೇಳಿದ್ದನ್ನೇ ಮತ್ತೆ ಕೇಳುವುದು ನಿಮಗೆ ದಿನಾ ಕಂಡದ್ದು. ಅಧಿಕಾರಿಗೆ ಅದೇ ಅನುಮಾನ ಹುಟ್ಟಿಸಬಹುದು.

ಅದಕ್ಕಿಂತ ನನಗೆ ಹೆಚ್ಚು ಹೆದರಿಕೆಯಾಗುವುದು ನೆನಪಿಲ್ಲದ್ದನ್ನು ಊಹಿಸಿ ಹೇಳುವುದರ ಬಗ್ಗೆ. "ಹತ್ತು ಗಂಟೆಗೆ ಗಲ್ಲಾ ಮುಚ್ಚಿದೆಯಾ?" ಎಂದರೆ, ಒಮ್ಮೆ ಮುಗಿದರೆ ಸಾಕೆಂದು "ಹೌದು ಸಾಹೇಬ್" ಅಂದುಬಿಡುತ್ತಾರೆ. ಕೊನೆಯ ಬಿಲ್ ತೆಗೆದರೆ ಹತ್ತೂ ನಲವತ್ತು! "ನೆನಪಿಲ್ಲ, ನೋಡಿ ಹೇಳುತ್ತೇನೆ" ಅನ್ನುವುದೂ ಉತ್ತರವೇ. ಇವತ್ತು ರಾತ್ರಿಯೇ ಕೂರಿಸಿಕೊಂಡು ಅದನ್ನು ಹಿಂದಿಯಲ್ಲೂ ಮರಾಠಿಯಲ್ಲೂ ಹೇಳಿಸಿ. ಯುಪಿಐ ಮೆಸೇಜು, ಕರೆಗಳ ಪಟ್ಟಿ, ಬಿಲ್ಲುಗಳನ್ನು ನೋಡಿ ಆ ದಿನದ ಹೊತ್ತುಗಳನ್ನು ಒಂದು ಚೀಟಿಯಲ್ಲಿ ಬರೆಸಿ, ಮೊದಲು ವಕೀಲರಿಗೆ ತೋರಿಸಿ.

ಈಗ ಕಾನೂನು. 2024ರ ಜುಲೈ 1ರಿಂದ ಜಾರಿಯಲ್ಲಿರುವ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ (ಪೊಲೀಸ್ ತನಿಖೆ ಹೇಗೆ ನಡೆಯಬೇಕೆಂದು ಹೇಳುವ ಕಾನೂನು) 179ನೇ ಕಲಂ ಪ್ರಕಾರ ಮಾನಸಿಕ ಅಂಗವೈಕಲ್ಯ ಇರುವ ಸಾಕ್ಷಿಯನ್ನು ಮನೆ ಬಿಟ್ಟು ಬೇರೆಡೆಗೆ ಬಾ ಎನ್ನುವಂತಿಲ್ಲ. ಆದರೆ 2016ರ ಅಂಗವಿಕಲರ ಕಾಯ್ದೆಯ 21 ವಿಧಗಳಲ್ಲಿ ಎಡಿಎಚ್‌ಡಿ ಪ್ರತ್ಯೇಕವಾಗಿಲ್ಲ, ಅದನ್ನೇ ನಂಬಿ ಕೂರಬೇಡಿ. ಡಾಕ್ಟರ ಪತ್ರ ಲಗತ್ತಿಸಿ, ಒಂದೊಂದೇ ಪ್ರಶ್ನೆ ಕೇಳಿ, ನಡುವೆ ಬಿಡುವು ಕೊಡಿ ಎಂದು ಲಿಖಿತವಾಗಿ ಕೇಳಿಕೊಳ್ಳಿ, ಪ್ರತಿಗೆ ಠಾಣೆಯ ಸಿಕ್ಕಾ ಹಾಕಿಸಿಕೊಳ್ಳಿ. ವಕೀಲರ ಖರ್ಚು ಕಷ್ಟವಾದರೆ 15100ಕ್ಕೆ ಫೋನ್ ಮಾಡಿ, ಅದು ಉಚಿತ ಕಾನೂನು ನೆರವಿನ ಸಹಾಯವಾಣಿ.

ಗೊತ್ತಿದ್ದದ್ದನ್ನು ನಿಜವಾಗಿ ಹೇಳಲೇಬೇಕು. ತನ್ನ ಮೇಲೇ ಅಪರಾಧ ಬರುವಂಥ ಪ್ರಶ್ನೆಗೆ ಮಾತ್ರ ಉತ್ತರಿಸಬೇಕಾಗಿಲ್ಲ. ಜಬಾಬ್ (ಸಾಕ್ಷಿಯ ಹೇಳಿಕೆ) ಮರಾಠಿಯಲ್ಲಿ ಬರೆದುಕೊಂಡರೆ, ಗೊತ್ತಿರುವ ಭಾಷೆಯಲ್ಲಿ ನಿಧಾನವಾಗಿ ಓದಿ ಹೇಳಿ ಎಂದು ಕೇಳಲಿ, ತಪ್ಪಿದ್ದರೆ ಅಲ್ಲೇ ತಿದ್ದಿಸಲಿ. ತನಿಖೆಯಲ್ಲಿ ಪೊಲೀಸರು ಬರೆದುಕೊಂಡ ಅಂಥ ಹೇಳಿಕೆಗೆ ಸಹಿ ಹಾಕಿಸುವಂತಿಲ್ಲ, ಅದೇ ಸಂಹಿತೆಯ 181ನೇ ಕಲಂ ಇದನ್ನು ಸ್ಪಷ್ಟವಾಗಿಯೇ ಹೇಳುತ್ತದೆ.

ಹೊರಡುವ ಮೊದಲು ಊಟವಾಗಲಿ, ಎಡಿಎಚ್‌ಡಿಯ ಮಾತ್ರೆ ತೆಗೆದುಕೊಳ್ಳುತ್ತಿದ್ದರೆ ಅದೂ ದಿನದ ಹೊತ್ತಿಗೇ ಆಗಲಿ. ಅದು ಮಿಥೈಲ್‌ಫೆನಿಡೇಟ್ ಆಗಿದ್ದರೆ ಮಾದಕವಸ್ತು ಕಾಯ್ದೆಯ ಪಟ್ಟಿಯಲ್ಲಿರುವ ಔಷಧ. ಬಿಡಿ ಮಾತ್ರೆ ಜೇಬಿಗೆ ಹಾಕಿ ಕಳಿಸಬೇಡಿ, ಸ್ಟ್ರಿಪ್ಪಿನ ಜೊತೆ ಡಾಕ್ಟರ ಚೀಟಿಯೂ ಇರಲಿ.